ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯವರಿಗೆ: ಬ್ಯಾಗಿನ ತೂಕದ ಮಾತು ಆಮೇಲೆ

ಪ್ರತಿ ವರ್ಷ ಜುಲೈನಲ್ಲಿ ನಾನು ಊರಿಗೆ ಬರುತ್ತೇನೆ. ಊರು ಅಂದರೆ ಬೆಟಗೇರಿ, ಗದಗಿಗೆ ಅಂಟಿಕೊಂಡೇ ಇರುವುದು. ಬಂದ ಎರಡನೇ ದಿನದಿಂದ ಮನೆಗೆ ಹುಡುಗ ಹುಡುಗಿಯರು ಬರಲು ಶುರು. ಅಕ್ಕನ ಮಗ, ಅವನ ಗೆಳೆಯರು, ಹಿಂದಿನ ಓಣಿಯವರ ಸೊಸೆ, ಹುಬ್ಬಳ್ಳಿಯಿಂದ ಯಾರೋ ನಂಬರ್ ಕೊಟ್ಟರು ಅಂತ ಫೋನ್ ಮಾಡುವವರು. ಎಲ್ಲರೂ ಸೆಪ್ಟೆಂಬರಿಗೆ ಇಂಗ್ಲೆಂಡಿಗೆ ಹೊರಟವರು. ಕೆಲವರು ಓದಲು, ಕೆಲವರು ನನ್ನ ಹಾಗೆ ನರ್ಸ್ ಕೆಲಸಕ್ಕೆ. ಕೇಳುವುದು ಮಾತ್ರ ಎಲ್ಲರೂ ಒಂದೇ. ಶೇಂಗಾ ಚಟ್ನಿ ಎಷ್ಟು ಕೆಜಿ ಒಯ್ಯಬಹುದು? ಕುಕ್ಕರ್ ಇಲ್ಲಿಂದಲೇ ತಗೊಂಡು ಹೋಗಬೇಕಾ? ಖಡಕ್ ರೊಟ್ಟಿ ಪುಡಿ ಆಗದ ಹಾಗೆ ಹೇಗೆ ಕಟ್ಟಬೇಕು?

ಅದನ್ನೆಲ್ಲ ಹೇಳುತ್ತೇನೆ, ಕೊನೆಗೆ. ಮೊದಲು ಯಾರೂ ಕೇಳದ ಒಂದು ವಿಷಯ ಇದೆ, ಮಾತಿನದು. ಅಲ್ಲಿ ನಿಮ್ಮ ಕಿವಿಗೆ ಬೀಳುವ ಮಾತು, ನಿಮ್ಮ ಬಾಯಿಂದ ಬೀಳುವ ಮಾತು. ಮೊದಲನೆಯದರ ಬಗ್ಗೆ ಎಚ್ಚರಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಎರಡನೆಯದರ ಬಗ್ಗೆ ನಮ್ಮವರು ನಮ್ಮವರಿಗೆ ಬುದ್ಧಿ ಹೇಳಿದ್ದನ್ನು ಅಲ್ಲಿರುವ ಈ 18 ವರ್ಷದಲ್ಲಿ ನಾನಂತೂ ನೋಡಿಲ್ಲ.

ಇದು ನಿಮಗೆ ಪೂರ್ತಿ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಒಂದು ತಿಂಗಳು ಇದ್ದು ಬಂದ ಹುಬ್ಬಳ್ಳಿಯವರನ್ನು ಕೇಳಿ. ನಾನು ಅಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಜೊತೆಯವರು ಒಳ್ಳೆಯವರೇ, ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ದಿನಾ ಒಬ್ಬರಾದರೂ "ನಿಮ್ಮ ಕನ್ನಡ ಕೇಳೋಕೆ ಮಜಾ, ಇನ್ನೊಂದ್ಸಲ ಹೌದ್ರೀ ಅನ್ನಿ" ಅನ್ನುತ್ತಿದ್ದರು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡಿದರೆ "ಯಾಕೆ ಜಗಳ ಆಡ್ತಿದ್ದೀರಾ?" ಅಂತ ನಗು. ಮೊದಲ ವಾರ ನಾನೂ ನಕ್ಕೆ. ಆರನೇ ತಿಂಗಳಿಗೆ ನಾನು ಫೋನ್ ಹಿಡಿದು ಮೆಟ್ಟಿಲ ಕೆಳಗೆ ಹೋಗಿ ಮೆಲ್ಲಗೆ ಮಾತಾಡುತ್ತಿದ್ದೆ. ದೂರು ಕೊಡಲು ಏನಿದೆ? ಯಾರ ಮೇಲೆ ಕೊಡುವುದು? ಅವರು ಹೊಗಳಿದ್ದೇ ಅಲ್ವಾ?

ಜೋಳದ ದಂಟಿನ ಸಿಬಿರು ಕೈಗೆ ಚುಚ್ಚಿದ್ದು ನೆನಪಿದೆಯಾ, ಹೊಲಕ್ಕೆ ಹೋದವರಿಗೆ? ಕಣ್ಣಿಗೆ ಕಾಣುವುದಿಲ್ಲ, ರಕ್ತ ಬರುವುದಿಲ್ಲ, ಯಾರಿಗಾದರೂ ತೋರಿಸಿದರೆ "ಎಲ್ಲೈತಿ?" ಅನ್ನುತ್ತಾರೆ. ರೊಟ್ಟಿ ಮುರಿಯುವಾಗಲೆಲ್ಲ ನೋಯುತ್ತದೆ. ಇಂಥ ಮಾತಿಗೆ ಇಂಗ್ಲಿಷಿನಲ್ಲಿ ಮೈಕ್ರೋಅಗ್ರೆಶನ್ ಅನ್ನುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯರಾಗಿದ್ದ ಚೆಸ್ಟರ್ ಪಿಯರ್ಸ್ ಎಂಬ ಕಪ್ಪು ಜನಾಂಗದ ಅಮೆರಿಕನ್ನರು 1970ರಲ್ಲಿ ಈ ಪದವನ್ನು ಹುಟ್ಟುಹಾಕಿದರು. ಬಿಳಿಯರು ಕಪ್ಪು ಜನರಿಗೆ ದಿನನಿತ್ಯ ಕೊಡುವ ಸಣ್ಣ ಸಣ್ಣ ಅವಮಾನಗಳ ಬಗ್ಗೆ ಅವರು ಬರೆದದ್ದು. ಮುಂದೆ ಹೆಂಗಸರು, ಸಲಿಂಗಿಗಳು, ಅಂಗವಿಕಲರು ಎಲ್ಲರ ಅನುಭವಕ್ಕೂ ಈ ಪದ ಬಂತು. ನಾನು ಅದಕ್ಕೆ ಸುಮ್ನೆ ಚುಚ್ಚು ಅನ್ನುತ್ತೇನೆ. ಪದ ದೊಡ್ಡದಾದರೆ ನಮ್ಮ ಹುಡುಗರು ಅದು ಬೇರೆ ಯಾರದೋ ರೋಗ ಅಂದುಕೊಳ್ಳುತ್ತಾರೆ.

ನಿಮಗೆ ಮೊದಲು ಬೀಳುವ ಪ್ರಶ್ನೆ "ಎಲ್ಲಿಯವರು ನೀವು?" ಮೊದಲ ವರ್ಷ ಇದು ಚುಚ್ಚುವುದೇ ಇಲ್ಲ. ಖುಷಿಯೇ ಆಗುತ್ತದೆ. ಯಾರೋ ಕೇಳಿದರಲ್ಲ ಅಂತ ಇಂಡಿಯಾ, ಕರ್ನಾಟಕ, ಗದಗ, ವೀರನಾರಾಯಣ ಗುಡಿಯವರೆಗೂ ಹೇಳಿಬಿಡುತ್ತೀರಿ, ಪಾಪ ಆ ಮುದುಕರು ಬಸ್ಸು ಬಂತಾ ಅಂತ ನೋಡುತ್ತಿರುತ್ತಾರೆ. ನೀವು ನಿಜವಾಗಿಯೂ ಗದಗಿನವರು, ಹಾಗಾಗಿ ಪ್ರಶ್ನೆ ಸರಿಯಾಗಿಯೇ ಇದೆ. ಅದು ಚುಚ್ಚುವುದು ಹತ್ತು ವರ್ಷ ಆದ ಮೇಲೆ, ಮನೆ ಸಾಲ ಕಟ್ಟುತ್ತಾ, ಪಾಸ್‌ಪೋರ್ಟ್ ಬದಲಾಗಿ, "ಬರ್ಮಿಂಗ್‌ಹ್ಯಾಮ್" ಅಂತ ಉತ್ತರ ಕೊಟ್ಟಾಗ "ಅಲ್ಲ, ನಿಜವಾಗಿ ಎಲ್ಲಿಯವರು?" ಅಂತ ಎರಡನೇ ಸಲ ಬರುವಾಗ. ಇನ್ನೂ ಜಾಸ್ತಿ ಚುಚ್ಚುವುದು ನಿಮ್ಮ ಮಕ್ಕಳಿಗೆ. ನನ್ನ ಮಗಳು ಅಲ್ಲೇ ಹುಟ್ಟಿದವಳು. ಬೆಟಗೇರಿ ಅವಳಿಗೆ ಬೇಸಿಗೆ ರಜೆಯ ಊರು. ಅವಳು ಏನು ಹೇಳಬೇಕು?

2022ರ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಹೀಗಾಯಿತು. ಹೆಂಗಸರ ಮೇಲಿನ ದೌರ್ಜನ್ಯದ ವಿರುದ್ಧ ಕೆಲಸ ಮಾಡುವವರನ್ನು ಕರೆದಿದ್ದರು. ಅದರಲ್ಲಿ ಬ್ರಿಟನ್ನಿನಲ್ಲೇ ಹುಟ್ಟಿದ ಎನ್ಗೋಜಿ ಫುಲಾನಿ ಎಂಬ ಕಪ್ಪು ಮಹಿಳೆಯೂ ಇದ್ದರು. ಅರಮನೆಯ ಒಬ್ಬ ಹಿರಿಯ ಮಹಿಳೆ ಅವರನ್ನು ನೀವು ನಿಜವಾಗಿ ಎಲ್ಲಿಯವರು, ನಿಮ್ಮ ಜನ ಎಲ್ಲಿಯವರು ಅಂತ ಮತ್ತೆ ಮತ್ತೆ ಕೇಳಿದರು. ಇವರು ಇಲ್ಲಿಯವರೇ ಅಂದರೂ ಬಿಡಲಿಲ್ಲ. ದೇಶವೆಲ್ಲ ಸುದ್ದಿಯಾಯಿತು, ಕೇಳಿದವರು ಕ್ಷಮೆ ಕೇಳಿ ತಮ್ಮ ಗೌರವ ಹುದ್ದೆ ಬಿಟ್ಟರು. ಆಗ ನಮ್ಮ ವಾರ್ಡಿನ ಟೀ ರೂಮಿನಲ್ಲಿ ಅರ್ಧ ಜನ "ಎಲ್ಲಿಯವರು ಅಂತ ಕೇಳಿದರೆ ಅಷ್ಟೊಂದಾ?" ಅಂದರು, ಇನ್ನರ್ಧ ಜನ ಏನೂ ಮಾತಾಡದೆ ಕಪ್ ತೊಳೆದರು. ಕಪ್ ತೊಳೆದವರ ಬಣ್ಣ ಯಾವುದು ಅಂತ ನಾನು ಹೇಳುವುದಿಲ್ಲ, ನಿಮಗೇ ಗೊತ್ತಾಗುತ್ತದೆ.

ಕುತೂಹಲವೋ ಚುಚ್ಚೋ ಅಂತ ತಿಳಿಯಲು ನನಗೊಂದು ಸಣ್ಣ ಗುರುತಿದೆ. ಆ ಮನುಷ್ಯ ಪಕ್ಕದಲ್ಲಿ ಕೂತ ಬಿಳಿ ಹುಡುಗಿಯನ್ನೂ ಅದೇ ಪ್ರಶ್ನೆ ಕೇಳಿದನಾ? ಕೇಳಿದರೆ ಅವನು ಮಾತುಗಾರ. ನಮ್ಮ ಹುಬ್ಬಳ್ಳಿ ರೈಲಿನಲ್ಲಿ ಎದುರು ಸೀಟಿನವರು "ಯಾವೂರ್ರೀ ನಿಮ್ದು" ಅನ್ನುವ ಹಾಗೆ. ನಿಮ್ಮನ್ನೊಬ್ಬರನ್ನೇ ಕೇಳಿದರೆ, ಅದೂ ಮೊದಲ ಉತ್ತರ ಸಾಲದು ಅಂತ ಕೇಳಿದರೆ, ಸಿಬಿರು ಹತ್ತಿತು.

ಉಳಿದವು ಬೇಗ ಹೇಳಿಬಿಡುತ್ತೇನೆ. "ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ!" ಒಂದನೇ ತಿಂಗಳಲ್ಲಿ ಹೊಗಳಿಕೆ, ಹತ್ತನೇ ವರ್ಷದಲ್ಲಿ ಚುಚ್ಚು. ವಾರ್ಡಿನಲ್ಲಿ ನನ್ನನ್ನು ಕೇರಳದ ಇನ್ನೊಬ್ಬಳ ಹೆಸರಿನಿಂದ ಕರೆಯುವುದು, ಅವಳು ನನಗಿಂತ ಒಂದು ಗೇಣು ಎತ್ತರ, ಕನ್ನಡಕ ಬೇರೆ. ಬ್ಲಡ್ ಪ್ರೆಶರ್ ನೋಡಲು ಹೋದರೆ "ನಿಜವಾದ ನರ್ಸ್ ಯಾವಾಗ ಬರುತ್ತಾರೆ?" ಅನ್ನುವ ರೋಗಿ. ಬಸವರಾಜ ಅನ್ನುವ ಹೆಸರು ಎರಡೇ ದಿನದಲ್ಲಿ ಬಾಜ್ ಆಗುವುದು. ಹೆಸರಿನ ವಿಷಯದಲ್ಲಿ ಮಾತ್ರ ಹಟ ಮಾಡಿ ಅಂತ ನಾನು ಹೇಳುತ್ತೇನೆ. ಮೂರು ಸಲ ನಿಧಾನಕ್ಕೆ ಹೇಳಿಕೊಡಿ. ರಷ್ಯಾದ ಫುಟ್ಬಾಲ್ ಆಟಗಾರರ ಹೆಸರು ಸರಾಗವಾಗಿ ಹೇಳುವ ಜನ ಅವರು, ಬಸವರಾಜ ಬರುವುದಿಲ್ಲ ಅನ್ನುವುದು ಸುಳ್ಳು. ಊಟದ ವಾಸನೆಯ ವಿಷಯಕ್ಕೆ ನಾನು ಜಗಳ ಆಡುವುದಿಲ್ಲ. ಬಳ್ಳೊಳ್ಳಿ ಚಟ್ನಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ನನಗೇ ತಡೆಯಲು ಆಗುವುದಿಲ್ಲ. ಆದರೆ "ನಿಮ್ಮ ಮನೆಯವರೆಲ್ಲ ಹೀಗೇ ವಾಸನೆ ಬರುತ್ತಾರಾ" ಅಂತ ಯಾರಾದರೂ ಅಂದರೆ ಅದು ಚಟ್ನಿಯ ಮಾತಲ್ಲ.

ಒಂದು ಬೈಗುಳ ಮೊದಲೇ ಗೊತ್ತಿರಲಿ. "ಪಾಕಿ". ಇದು ಪಾಕಿಸ್ತಾನ ಅನ್ನುವುದರ ಚಿಕ್ಕ ರೂಪ ಅಂತ ನಮ್ಮ ಹುಡುಗರು ಅಂದುಕೊಂಡು, ಕ್ರಿಕೆಟ್ ಮಾತಿನಲ್ಲಿ ತಾವೇ ಬಳಸಿಬಿಡುತ್ತಾರೆ. ಬ್ರಿಟನ್ನಿನಲ್ಲಿ ಅದು ಹೊಡೆಯುವ ಮೊದಲು ಕೂಗುತ್ತಿದ್ದ ಪದ. 1960, 70ರ ದಶಕಗಳಲ್ಲಿ ನಮ್ಮ ಬಣ್ಣದವರನ್ನೆಲ್ಲ, ಗುಜರಾತಿ, ಸಿಖ್, ಬಂಗಾಳಿ ಅಂತ ನೋಡದೆ, ಅದೇ ಪದ ಕೂಗಿ ಬೀದಿಯಲ್ಲಿ ಅಟ್ಟಿಸಿಕೊಂಡು ಹೋದರು. ನಿಮಗೆ ಯಾರಾದರೂ ಕೂಗಿದರೆ "ನಾನು ಪಾಕಿಸ್ತಾನಿ ಅಲ್ಲ, ಇಂಡಿಯನ್" ಅಂತ ತಿದ್ದಲು ಹೋಗಬೇಡಿ. ಕೂಗಿದವನಿಗೆ ಭೂಗೋಳ ಬೇಕಾಗಿಲ್ಲ. ಮೇಲಾಗಿ ಆ ಉತ್ತರ ಕೇಳಿದ ಪಕ್ಕದ ಪಾಕಿಸ್ತಾನಿ ಡಾಕ್ಟರಿಗೆ ಏನನ್ನಿಸುತ್ತದೆ? ನನ್ನನ್ನು ಬಿಡು, ಅವರನ್ನು ಬೈ ಅಂದ ಹಾಗಾಯಿತು.

ಇದೇ ಜಾತಿಯ ಇನ್ನೊಂದು ಮಾತು ಸಿಹಿಯಾಗಿ ಬರುತ್ತದೆ. "ನೀವು ಇಂಡಿಯನ್ಸ್ ಕಷ್ಟಪಡುತ್ತೀರಿ, ಮಕ್ಕಳನ್ನು ಓದಿಸುತ್ತೀರಿ, ಅವರ ಹಾಗಲ್ಲ." ಲೈನ್ ಬಜಾರಿನ ಪೇಡೆಯ ಹಾಗೆ ಬಾಯಲ್ಲಿ ಕರಗುತ್ತದೆ ಈ ಮಾತು. ನಾನೂ ಎಷ್ಟೋ ವರ್ಷ ನುಂಗಿದೆ. ಆ "ಅವರು" ಯಾರು ಅಂತ ಕೇಳಿ ನೋಡಿ. ಕೆರಿಬಿಯನ್ ಜನ, ಸೊಮಾಲಿಗಳು, ಅಂದರೆ ಈ ಆಸ್ಪತ್ರೆಗಳನ್ನು ನಮಗಿಂತ ಮೊದಲು ಬಂದು ಕಟ್ಟಿದವರೂ ಅದರಲ್ಲಿದ್ದಾರೆ. 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ನರ್ಸುಗಳು ಸಾಲದೆ ಜಮೈಕಾ, ಬಾರ್ಬಡೋಸಿನಿಂದ ಹುಡುಗಿಯರನ್ನು ಕರೆಸಿಕೊಂಡರು. ನನಗೆ ಕೆಲಸ ಕಲಿಸಿದ ಸಿಸ್ಟರ್ ಅಂಥ ಒಬ್ಬರ ಮಗಳು.

ಅವರಿಂದಲೇ ನನಗೆ ಇನ್ನೊಂದು ವಿಷಯ ಗೊತ್ತಾದದ್ದು. ಒಂದು ದಿನ ಹೊಸ ಹುಡುಗಿಯೊಬ್ಬಳು, ನಮ್ಮ ದೇಶದವಳೇ, ಮಾತಾಡುತ್ತಾ ಮಾತಾಡುತ್ತಾ ಆ ಸಿಸ್ಟರ್ ಕೂದಲಿಗೆ ಕೈ ಹಾಕಿದಳು. "ಎಷ್ಟು ಮೆತ್ತಗಿದೆ!" ಅಂದಳು. ಸಿಸ್ಟರ್ ಏನೂ ಅನ್ನಲಿಲ್ಲ, ತಲೆ ಒಂದಿಷ್ಟು ಹಿಂದೆ ಸರಿಸಿದರು. ಆಮೇಲೆ ನನ್ನ ಹತ್ತಿರ ಅಂದರು: ನನಗೆ ಐದು ವರ್ಷ ಇದ್ದಾಗಿನಿಂದ ಐವತ್ತರವರೆಗೆ ಎಲ್ಲರೂ ಮುಟ್ಟಿದ್ದಾರೆ, ಸಾಕುಪ್ರಾಣಿ ಮುಟ್ಟಿದ ಹಾಗೆ, ಒಬ್ಬರೂ ಕೇಳಿ ಮುಟ್ಟಿಲ್ಲ.

ಆ ತಲೆ ಹಿಂದೆ ಸರಿದದ್ದನ್ನು ನಾನು ಮೊದಲೂ ನೋಡಿದ್ದೆ. ಎಲ್ಲಿ ಅಂತ ರಾತ್ರಿ ಬಸ್ಸಿನಲ್ಲಿ ನೆನಪಾಯಿತು. ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಹಾಸ್ಟೆಲ್ಲಿನಲ್ಲಿ.

ನಮ್ಮ ರೂಮಿನಲ್ಲಿ ಕಲಘಟಗಿ ಕಡೆಯ ಒಬ್ಬ ಸಿದ್ದಿ ಹುಡುಗಿ ಇದ್ದಳು. ಸಿದ್ದಿಯರು ಗೊತ್ತಲ್ಲ? ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿಯ ಕಾಡಂಚಿನಲ್ಲಿ ಇರುವವರು. ಪೋರ್ಚುಗೀಸರು ಮತ್ತು ಇತರರು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ ಅವರು. ಎಷ್ಟೋ ತಲೆಮಾರು ಇಲ್ಲೇ ಆಗಿವೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಮೊದಲಿಗರು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳ ಕೂದಲು ಗುಂಗುರು ಅನ್ನುವುದು ಮಾತ್ರ. ಮೊದಲ ದಿನವೇ ನಾವು ನಾಲ್ಕು ಜನ ಸುತ್ತ ಕೂತು ಅವಳ ಕೂದಲು ಎಳೆದು, ಬಿಟ್ಟು, ಅದು ಸುರುಳಿ ಸುತ್ತಿಕೊಳ್ಳುವುದನ್ನು ನೋಡಿ ನಕ್ಕೆವು. ಅವಳೂ ನಕ್ಕಳು. ತಲೆ ಒಂದಿಷ್ಟು ಹಿಂದೆ ಸರಿಸಿದಳು. ದುರ್ಗದಬೈಲಿಗೆ ಗಿರ್ಮಿಟ್ ತಿನ್ನಲು ಹೋದರೆ ಅಂಗಡಿಯವರು ಅವಳ ಜೊತೆ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವಳು "ಖಾರಾ ಸ್ವಲ್ಪ ಕಡಿಮಿ ಹಾಕ್ರೀ" ಅಂದರೆ ಸುತ್ತ ನಿಂತವರು ಬಾಯಿ ಬಿಟ್ಟು ನೋಡುತ್ತಿದ್ದರು. "ಕನ್ನಡ ಎಷ್ಟ್ ಛಲೋ ಮಾತಾಡ್ತಾಳ! ಯಾವ ದೇಶದಾಕಿ?" ದಿನಾ. ಮೂರು ವರ್ಷ. ಕಲಘಟಗಿಗೂ ಹುಬ್ಬಳ್ಳಿಗೂ ಒಂದು ತಾಸಿನ ದಾರಿ.

ಬಕಿಂಗ್‌ಹ್ಯಾಮ್ ಅರಮನೆಗೂ ದುರ್ಗದಬೈಲಿಗೂ ಏನು ವ್ಯತ್ಯಾಸ ಅಂತ ನಾನು ಆ ಬಸ್ಸಿನಲ್ಲಿ ಬಹಳ ಹೊತ್ತು ಯೋಚಿಸಿದೆ. ಅರಮನೆಯವರು ಕ್ಷಮೆ ಕೇಳಿದರು, ಅದೊಂದೇ.

ಹಾಗಾಗಿ ನಮ್ಮ ಬಾಯಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾವು "ಕರಿಯ" ಅಂತ ಅಣ್ಣನನ್ನೂ ಕರೆಯುತ್ತೇವೆ, ನಾಯಿಯನ್ನೂ ಕರೆಯುತ್ತೇವೆ. ಅಲ್ಲಿಗೆ ಹೋದ ಮೇಲೂ ಅದೇ ಪದ ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ ಅನ್ನುವ ಧೈರ್ಯ. ಬಸ್ಸಿನಲ್ಲಿ ಕೂತು "ಹಿಂದ ಒಬ್ಬ ಕರಿಯಾ ಕುಂತಾನ ನೋಡು, ಬ್ಯಾಗ್ ಹಿಡ್ಕೋ" ಅಂತ ಜೋರಾಗಿ ಅನ್ನುವವರನ್ನು ನಾನು ನೋಡಿದ್ದೇನೆ. ಪದ ತಿಳಿಯದಿದ್ದರೂ ಬ್ಯಾಗ್ ಎಳೆದುಕೊಂಡ ಕೈ ತಿಳಿಯುತ್ತದೆ. ಎಲ್ಲ ಭಾಷೆಯಲ್ಲೂ ಆ ಕೈಗೆ ಒಂದೇ ಅರ್ಥ. ಹಿಂದಿಯ "ಕಾಲಾ", "ಹಬ್ಶಿ" ಅಂತೂ ಅಲ್ಲಿ ಬಹಳ ಜನರಿಗೆ ಗೊತ್ತು, ನಮ್ಮವರ ಬಾಯಿಂದಲೇ ಕೇಳಿ ಕೇಳಿ.

ಮನೆ ಹುಡುಕುವಾಗ ಇದು ಇನ್ನೂ ಸಲೀಸಾಗಿ ಬರುತ್ತದೆ. "ಆ ಏರಿಯಾ ಬೇಡ, ಅಲ್ಲಿ ಅವರು ಜಾಸ್ತಿ." ಹೇಳುವವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ನೀವು ಬಸ್ಸು ಎಷ್ಟು ಹೊತ್ತಿಗೆ, ರಾತ್ರಿ ದೀಪ ಇದೆಯಾ, ಮನೆಗೆ ಹಸಿ ಹಿಡಿದಿದೆಯಾ ಅಂತ ನೋಡಿ. ಹಸಿ ಹಿಡಿದ ಗೋಡೆ ನಿಮಗೆ ಕೊಡುವ ಕಾಟ ಯಾವ ನೆರೆಯವರೂ ಕೊಡುವುದಿಲ್ಲ. ಮತ್ತೆ ಇದೇ ಮಾತನ್ನು 50 ವರ್ಷದ ಹಿಂದೆ ಬಿಳಿಯರು ನಮ್ಮವರ ಬಗ್ಗೆ ಅನ್ನುತ್ತಿದ್ದರು. ಇಲ್ಲಿ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ಯಾವ ಮಂದಿ ನೀವು?" ಅಂತ ಕೇಳುತ್ತಾರಲ್ಲ, ಅದರ ಅಣ್ಣತಮ್ಮ ಅದು.

ಚಳಿಗಾಲದಲ್ಲಿ ಹುಬ್ಬಳ್ಳಿಗೆ ಸ್ವೆಟರ್ ಮಾರಲು ಬರುವ ಟಿಬೆಟಿನವರನ್ನು ನಾವೆಲ್ಲ ಏನಂತ ಕರೆಯುತ್ತಿದ್ದೆವು? ನೇಪಾಳಿ, ಚೀನಾದವರು, ಇನ್ನೂ ಕೆಟ್ಟದ್ದು. ಅವರು 1966ರಿಂದ ಮುಂಡಗೋಡದಲ್ಲಿ ಇರುವವರು, ಎರಡನೇ ತಲೆಮಾರಿನವರು ಕನ್ನಡ ಮಾತಾಡುತ್ತಾರೆ. ಚೀನಾದವರು ಅನ್ನುವುದು ಅವರಿಗೆ ಎಷ್ಟು ನೋಯಿಸುತ್ತದೆ ಅಂತ ಸ್ವಲ್ಪ ಇತಿಹಾಸ ಗೊತ್ತಿದ್ದವರಿಗೂ ಹೊಳೆಯಬೇಕಿತ್ತು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ವಾರ್ಡಿನ ಫಿಲಿಪೀನ್ಸ್ ನರ್ಸ್ ಒಬ್ಬಳಿಗೆ ಬಸ್ಸಿನಲ್ಲಿ "ನಿನ್ನ ವೈರಸ್ ತಗೊಂಡು ಊರಿಗೆ ಹೋಗು" ಅಂದರು. ಅವಳು 12 ತಾಸಿನ ಡ್ಯೂಟಿ ಮುಗಿಸಿ ಹೊರಟಿದ್ದಳು. ಮುಖ ನೋಡಿ ದೇಶ ಹೇಳುವ ಚಟ ನಮಗೂ ಇದೆ, ಬಿಟ್ಟು ಹೋಗಿ.

ಮೈಬಣ್ಣದ ಮಾತು ಕೂಡ. ಕೂಸು ನೋಡಲು ಹೋಗಿ "ಬೆಳ್ಳಗದ, ಅವ್ವನ್ನ ಹೋತದ" ಅನ್ನುವುದು ನಮ್ಮಲ್ಲಿ ಆಶೀರ್ವಾದ. ಫೇರ್ ಅಂಡ್ ಲವ್ಲಿ ಕಂಪನಿಯವರೇ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಅಂತ ಮಾಡಿಕೊಂಡರು, ನಮ್ಮ ಅತ್ತೆಯಂದಿರು ಇನ್ನೂ ಬದಲಿಸಿಲ್ಲ.

ಇನ್ನು ಗಂಡು ಗಂಡು, ಹೆಣ್ಣು ಹೆಣ್ಣು ಪ್ರೀತಿಸುವವರ ವಿಷಯ. ಇಲ್ಲಿ ನನ್ನ ತಪ್ಪನ್ನೇ ಮೊದಲು ಹೇಳಬೇಕು. ಕೆಲವು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಹುಡುಗ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಪ್ರತಿ ಸಲ ನಾನು ಚೇಷ್ಟೆ ಮಾಡುತ್ತಿದ್ದೆ, ಹೆಣ್ಣು ನೋಡಲೇನೋ, ಬ್ಯಾಡಗಿ ಮೆಣಸಿನಕಾಯಿ ಹಂಗ ಇರಾಕಿನ್ನ ಹುಡುಕ್ತೀನಿ ಅಂತ. ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಅವನು ಹೇಳಿದ, ಅಕ್ಕಾ, ನನಗೆ ಹುಡುಗರು ಇಷ್ಟ. ನಾನು ನರ್ಸ್, ಎಷ್ಟೋ ಟ್ರೇನಿಂಗ್ ಆಗಿತ್ತು, ಕೊರಳಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟಿ ಹಾಕಿಕೊಂಡು ಓಡಾಡುತ್ತಿದ್ದೆ. ಆದರೂ ಬಾಯಿಂದ ಬಂದದ್ದು "ಡಾಕ್ಟರಿಗೆ ತೋರಿಸಿದ್ಯಾ?" ಅವನು ಪಾತ್ರೆ ಒರೆಸುವುದನ್ನು ಮುಗಿಸಿ, ಟವೆಲ್ ಮಡಚಿಟ್ಟು, ಹೋದ. ಮತ್ತೆ ಬರಲು ಎಂಟು ತಿಂಗಳು ಹಿಡಿಯಿತು, ಅದೂ ನಾನೇ ಹೋಗಿ ಕರೆದ ಮೇಲೆ.

ಹಾಗಾಗಿ ಇಂಥ ಪ್ರಶ್ನೆಗಳನ್ನು ಇಲ್ಲೇ ಬಿಡಿ: ಡಾಕ್ಟರಿಗೆ ತೋರಿಸಿದ್ಯಾ, ಯಾವಾಗಿನಿಂದ ಹೀಗೆ, ಯಾರಾದರೂ ಕೆಡಿಸಿದರಾ, ನಿಮ್ಮಿಬ್ಬರಲ್ಲಿ ಗಂಡ ಯಾರು ಹೆಂಡತಿ ಯಾರು, ಮದುವೆ ಆದರೆ ಸರಿ ಹೋಗುತ್ತದಲ್ಲ. "ನಿನ್ನನ್ನು ನೋಡಿದರೆ ಹಾಗೆ ಕಾಣುವುದಿಲ್ಲ" ಅನ್ನುವುದು ಹೊಗಳಿಕೆ ಅಂತ ಅನ್ನಿಸುತ್ತದೆ, ಅಲ್ಲ. ಅವರು ಹೇಗೆ ಕಾಣಬೇಕಿತ್ತು? ಕಾಲೇಜಿನಲ್ಲಿ ರೋಲ್ ನಂಬರ್ ಒಂಬತ್ತು ಅಂದರೆ ಕ್ಲಾಸೆಲ್ಲ ನಗುತ್ತಿತ್ತು, ನೆನಪಿದೆಯಾ? ಆ ಒಂಬತ್ತು, ಚಕ್ಕಾ, ಖೋಜಾ, ಹೆಣ್ಣಿಗ, ಎಲ್ಲ ಸೇರಿ ಒಂದು ಪದಕೋಶವೇ ನಮ್ಮ ಹತ್ತಿರ ಇದೆ. ನಕ್ಕವರಲ್ಲಿ ಒಬ್ಬ ಬೇರೆಯವರು ನೋಡಬಾರದು ಅಂತ ನಕ್ಕಿರುತ್ತಾನೆ.

"ಇದೆಲ್ಲ ಇಲ್ಲಿಯವರದು, ನಮ್ಮ ದೇಶದಲ್ಲಿ ಇಲ್ಲ" ಅಂತ ಅಲ್ಲಿನ ಸಹೋದ್ಯೋಗಿಗಳ ಮುಂದೆ ಹೇಳುವವರು ಬಹಳ. ಇದು ನಗು ತರಿಸುವ ಮಾತು. ಸಲಿಂಗ ಪ್ರೇಮವನ್ನು ಅಪರಾಧ ಮಾಡಿದ 377ನೇ ಸೆಕ್ಷನ್ನು 1860ರಲ್ಲಿ ಇಂಗ್ಲಿಷರೇ ತಂದು ನಮ್ಮ ಮೇಲೆ ಹೇರಿದ್ದು. ಅವರು ತಮ್ಮಲ್ಲಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1967ರಲ್ಲಿ ಸ್ವಲ್ಪ ಸಡಿಲಿಸಿದರು, ಮದುವೆಗೆ ದಾರಿ ಮಾಡಿದ್ದು 2014ರಲ್ಲಿ. ನಮ್ಮ ಸುಪ್ರೀಂ ಕೋರ್ಟು ವಯಸ್ಕರು ಒಪ್ಪಿ ಇರುವುದು ಅಪರಾಧವಲ್ಲ ಅಂತ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಮದುವೆಯ ಹಕ್ಕು ಇನ್ನೂ ಇಲ್ಲ, 2023ರಲ್ಲಿ ಕೇಳಿದಾಗ ಕೋರ್ಟು ಕೊಡಲಿಲ್ಲ. ಅಂದರೆ ಆಮದಾಗಿ ಬಂದದ್ದು ಪ್ರೀತಿಯಲ್ಲ, ಕಾನೂನು.

ಧಾರವಾಡದಿಂದ ಸವದತ್ತಿ ಎಷ್ಟು ದೂರ? ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜೋಗಪ್ಪಗಳನ್ನು ನೋಡಿಲ್ಲವಾ? ಸೀರೆ ಉಟ್ಟು, ಚೌಡಿಕೆ ಹಿಡಿದು, ತಲೆಯ ಮೇಲೆ ಕೊಡ ಹೊತ್ತು ಬಂದರೆ ನಮ್ಮ ಅಜ್ಜಿಯಂದಿರು ಕೈ ಮುಗಿಯುತ್ತಿದ್ದರು. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಜೋಗತಿ, ಟ್ರಾನ್ಸ್‌ಜೆಂಡರ್, ಗೇ, ಇವೆಲ್ಲ ಒಂದೇ ಅಂತ ನಾನು ಹೇಳುತ್ತಿಲ್ಲ, ಬೇರೆ ಬೇರೆ ಬದುಕು, ಕಲೆಸಬೇಡಿ. ಇದೇ ಅಜ್ಜಿಯಂದಿರು ಗುಡ್ಡದ ಮೇಲೆ ಕೈ ಮುಗಿದು, ಮನೆಗೆ ಬಂದು ಮೊಮ್ಮಗ ಹಾಗಾದರೆ ಹೊರಗೆ ಹಾಕಿದ್ದೂ ಉಂಟು. ನಮ್ಮಲ್ಲಿ ಇಲ್ಲ ಅನ್ನುವುದೊಂದನ್ನು ಬಿಡಿ ಅಷ್ಟೇ.

ಒಂದು ಸಣ್ಣ ವಿಷಯ, ಹುಡುಗರಿಗೆ. ಇಲ್ಲಿ ಉಣಕಲ್ ಕೆರೆ ದಂಡೆಯಲ್ಲಿ ಗೆಳೆಯರು ಹೆಗಲ ಮೇಲೆ ಕೈ ಹಾಕಿ, ಕಿರುಬೆರಳು ಹಿಡಿದು ತಿರುಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಜನ ನಿಮ್ಮನ್ನು ಜೋಡಿ ಅಂದುಕೊಳ್ಳಬಹುದು. ಮನೆ ತೋರಿಸುವ ಏಜೆಂಟ್ "ನಿಮ್ಮಿಬ್ಬರಿಗೂ ಒಂದೇ ಬೆಡ್‌ರೂಮ್ ಸಾಕಾ?" ಅಂತ ಸಹಜವಾಗಿ ಕೇಳಬಹುದು. ಆಗ ಕಳ್ಳತನದ ಆರೋಪ ಬಂದವರ ಹಾಗೆ "ಛೇ ಛೇ, ನಾವು ಅಂಥವರಲ್ಲ!" ಅಂತ ಕೂಗಬೇಡಿ. "ನಾವು ಗೆಳೆಯರು, ಎರಡು ರೂಮು ಬೇಕು" ಅಂದರೆ ಮುಗಿಯಿತು. ಆ ಏಜೆಂಟ್ ಸ್ವತಃ ಗೇ ಆಗಿರಬಹುದು. ಹೆಂಗಸು "ನನ್ನ ಪಾರ್ಟ್‌ನರ್" ಅಂದರೆ ಗಂಡಸೇ ಅಂತ ಹಿಡಿಯಬೇಡಿ, ಕೊರಳಲ್ಲಿ ಬಣ್ಣದ ಪಟ್ಟಿ ಇದ್ದವರೆಲ್ಲ ಸಲಿಂಗಿಗಳು ಅಂತಲೂ ಹಿಡಿಯಬೇಡಿ. ನನ್ನ ಕೊರಳಲ್ಲೂ ಇದೆ. "ನಿಮಗೆ ಏನಾದರೂ ಹೇಳುವುದಿದ್ದರೆ ನನ್ನ ಹತ್ತಿರ ಹೇಳಬಹುದು" ಅನ್ನುವ ಗುರುತು ಅದು. ನಮ್ಮ ಊರಿನ ಒಬ್ಬ ಹುಡುಗ ಅದನ್ನು ನೋಡಿ ಯಾವ ಕ್ರಿಕೆಟ್ ಟೀಮಿನದು ಅಂತ ಕೇಳಿದ್ದ.

ಯಾರಾದರೂ ನಂಬಿ ನಿಮಗೆ ಹೇಳಿದರೆ, ಆ ಮಾತು ನಿಮ್ಮ ಹತ್ತಿರವೇ ಇರಲಿ. ಬರ್ಮಿಂಗ್‌ಹ್ಯಾಮಿನಲ್ಲಿ ರಾತ್ರಿ ಹೇಳಿದ ಸುದ್ದಿ ಗದಗಿನಲ್ಲಿ ಬೆಳಗಿನ ಚಹಾಕ್ಕೆ ತಲುಪುತ್ತದೆ, ಅಲ್ಲಿಯ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ತಾಸು ಮುಂದಿದ್ದೇವೆ ನಾವು. ಅಲ್ಲಿ ಅದು ಆಫೀಸಿನ ಹರಟೆ ಅನ್ನಿಸಿದರೂ ಇಲ್ಲಿ ಒಬ್ಬರ ಮನೆಯ ಬಾಗಿಲು ಮುಚ್ಚಬಹುದು. ಇದನ್ನು ಓದುತ್ತಿರುವ ನೀವೇ ಅಂಥವರಾಗಿದ್ದರೆ, ನಿಮ್ಮ ಕನ್ನಡ ಸಂಘದ ಆಂಟಿಯರಿಗೆ ನೀವು ಲೆಕ್ಕ ಒಪ್ಪಿಸಬೇಕಾಗಿಲ್ಲ. ಯಾವಾಗ, ಯಾರಿಗೆ ಹೇಳಬೇಕು ಅನ್ನುವುದು ನಿಮ್ಮದೇ.

ಈಗ ಚುಚ್ಚು ಬಿದ್ದಾಗ ಏನು ಮಾಡುವುದು. ಎಲ್ಲದಕ್ಕೂ ತಿರುಗಿ ಬೀಳಲು ಆಗುವುದಿಲ್ಲ, ಡ್ಯೂಟಿ ಮಾಡಬೇಕಲ್ಲ. ನನಗೆ ಬಹಳ ಸಲ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: "ಹಾಗಂದರೆ ಏನು?" ಸಿಟ್ಟಿಲ್ಲದೆ, ಮುಖ ನೋಡಿ ಕೇಳಿ. ತಮಾಷೆಯನ್ನು ಬಿಡಿಸಿ ಹೇಳಲು ಹೊರಟವನಿಗೆ ಅದು ತಮಾಷೆಯಲ್ಲ ಅಂತ ಅರ್ಧದಲ್ಲೇ ಗೊತ್ತಾಗುತ್ತದೆ. ಮತ್ತೆ ಮತ್ತೆ ಆದರೆ ಬರೆದಿಡಿ. ದಿನ, ಹೊತ್ತು, ಅಂದ ಮಾತು ಅದೇ ಪದಗಳಲ್ಲಿ, ಪಕ್ಕದಲ್ಲಿ ಯಾರಿದ್ದರು. ಮನೆಗೆ ಬಂದು ಅದೇ ರಾತ್ರಿ ಬರೆಯಿರಿ, ಆಮೇಲೆ ನೆನಪು ಕೈ ಕೊಡುತ್ತದೆ.

ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡಿನಲ್ಲಿ 2010ರ ಸಮಾನತೆ ಕಾಯಿದೆ ಇದೆ. ಒಂಬತ್ತು ವಿಷಯಗಳಿಗೆ ಅದು ರಕ್ಷಣೆ ಕೊಡುತ್ತದೆ (ಈ ಒಂಬತ್ತು ಒಳ್ಳೆಯ ಒಂಬತ್ತು). ಜನಾಂಗ, ಧರ್ಮ, ಲೈಂಗಿಕ ಒಲವು, ಲಿಂಗ ಬದಲಾವಣೆ ಎಲ್ಲ ಅದರಲ್ಲಿವೆ. ಜನಾಂಗ ಅಂದರೆ ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲ ಸೇರಿ. ಕಿರುಕುಳವೋ ಅಲ್ಲವೋ ಅಂತ ನೋಡುವಾಗ ಹೇಳಿದವರ ಉದ್ದೇಶವೊಂದನ್ನೇ ನೋಡುವುದಿಲ್ಲ, ಕೇಳಿದವರ ಮೇಲೆ ಆದ ಪರಿಣಾಮವನ್ನೂ ನೋಡುತ್ತಾರೆ. ಅಂದರೆ "ನಾನು ಸುಮ್ನೆ ಜೋಕ್ ಮಾಡಿದೆ" ಅನ್ನುವುದು ಅಲ್ಲಿಗೆ ಮುಗಿಯುವ ಉತ್ತರವಲ್ಲ. ಇದು ನಿಮ್ಮನ್ನು ಕಾಯುವ ಹಾಗೇ ನಿಮ್ಮ ಮೇಲೂ ಬರುತ್ತದೆ, ವಾಟ್ಸಾಪಿನ ಆಫೀಸ್ ಗ್ರೂಪಿನಲ್ಲಿ ಹಾಕುವ ಜೋಕ್ ನೆನಪಿರಲಿ. ಕೆಲಸದ ಜಾಗದ ತಕರಾರಿಗೆ ದಾರಿ ತೋರಿಸುವ ಏಕಾಸ್ ಅನ್ನುವ ಸಂಸ್ಥೆಯ ಸಹಾಯವಾಣಿಯಲ್ಲಿ ಸಲಹೆ ಉಚಿತ. ಇಂಥ ತಕರಾರು ಕೇಳುವ ಟ್ರಿಬ್ಯುನಲ್ಲಿಗೆ ಹೋಗುವ ಗಡುವು ತಿಂಗಳುಗಳ ಲೆಕ್ಕದ್ದು, ವರ್ಷಗಟ್ಟಲೆ ಕಾಯಬೇಡಿ. ಬೀದಿಯಲ್ಲಿ ಬೈದರೆ, ಬೆದರಿಸಿದರೆ ಪೊಲೀಸರಿಗೆ 101, ಅಪಾಯ ಇದ್ದರೆ 999.

ವೀಸಾ ಹೋಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ, ನನಗೂ ಇತ್ತು. ದೂರು ಕೊಟ್ಟಿದ್ದಕ್ಕೇ ವೀಸಾ ರದ್ದು ಮಾಡುವ ನಿಯಮ ಇಲ್ಲ, ದೂರು ಕೊಟ್ಟವರನ್ನು ಅದಕ್ಕಾಗಿ ಕಾಡಿಸುವುದೂ ಅದೇ ಕಾಯಿದೆಯಲ್ಲಿ ತಪ್ಪು. ಆದರೆ ಕೆಲಸ ಹೋದರೆ ವೀಸಾಕ್ಕೆ ಆಸರೆಯಾದ ಸ್ಪಾನ್ಸರ್‌ಶಿಪ್ ಹೋಗುತ್ತದೆ ಅನ್ನುವುದು ನಿಜ, ಅದನ್ನು ಮುಚ್ಚಿಟ್ಟು ಧೈರ್ಯ ಹೇಳಲಾರೆ. ಅದಕ್ಕೇ ಮೊದಲ ವಾರವೇ ಯೂನಿಯನ್ ಸೇರಿ. ನರ್ಸುಗಳಿಗೆ ರಾಯಲ್ ಕಾಲೇಜ್ ಆಫ್ ನರ್ಸಿಂಗ್, ಉಳಿದವರಿಗೂ ಸೇರಿ ಯೂನಿಸನ್. ತಿಂಗಳಿಗೆ ಕೆಲವು ಪೌಂಡ್ ಅಂತ ನಮ್ಮವರು ಉಳಿಸುತ್ತಾರೆ, ಕಷ್ಟ ಬಂದ ದಿನ ಹುಡುಕುತ್ತಾರೆ.

ನಿಮ್ಮಿಂದಲೇ ತಪ್ಪಾದರೆ? ಆಗುತ್ತದೆ. ಆಗ "ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಮ್ಮ ಕಡೆ ಹೀಗೇ ಅನ್ನುತ್ತೇವೆ, ನನಗೆ ಕಪ್ಪು ಗೆಳೆಯರಿದ್ದಾರೆ" ಅಂತ ಕಾಲು ಗಂಟೆ ವಿವರಣೆ ಬೇಡ. ಅದನ್ನೆಲ್ಲ ಕೇಳಿ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಪಾಪ ಅವರ ಮೇಲೇ ಬೀಳುತ್ತದೆ. ತಪ್ಪಾಯ್ತು ಅನ್ನಿ, ಮುಂದಿನ ಸಲ ಅನ್ನಬೇಡಿ. ಆ ಹಾಸ್ಟೆಲ್ ಗೆಳತಿಯನ್ನು ನಾನು ಕಳೆದ ವರ್ಷ ಹುಡುಕಿ ಫೋನ್ ಮಾಡಿದೆ. ಕೂದಲಿನ ಮಾತು ತೆಗೆದೆ. "ನಿನಗ ಈಗ ನೆನಪಾತೇನು?" ಅಂದಳು. ಆಮೇಲೆ ಮಕ್ಕಳ ವಿಷಯ ಮಾತಾಡಿದೆವು.

ಸರಿ, ಬ್ಯಾಗು. ಶೇಂಗಾ ಚಟ್ನಿ ಒಂದು ಕೆಜಿ ಸಾಕು, ಶೇಂಗಾ ಅಲ್ಲಿ ಗುಜರಾತಿ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಸಂದಿಗೆಲ್ಲ ಕಾಲುಚೀಲ ತುರುಕಿ. ಕುಕ್ಕರ್ ಬೇಡ, ಅದರ ರಬ್ಬರ್ ಮಾತ್ರ ಎರಡು ಇಟ್ಟುಕೊಳ್ಳಿ. ಗುರೆಳ್ಳು ಚಟ್ನಿ ಮಾತ್ರ ಜಾಸ್ತಿ ಒಯ್ಯಿರಿ. ಅಲ್ಲಿ ಗುರೆಳ್ಳು ಸಿಗುವುದು ಹಕ್ಕಿಕಾಳಿನ ಅಂಗಡಿಯಲ್ಲಿ, ಗುಬ್ಬಿ ಜಾತಿಯ ಹಕ್ಕಿಗಳಿಗೆ ಹಾಕುತ್ತಾರೆ. ಅದರ ಇಂಗ್ಲಿಷ್ ಹೆಸರು ನೈಜರ್. ಬರೆದದ್ದನ್ನು ತಪ್ಪಾಗಿ ಓದಿದರೆ ಕಪ್ಪು ಜನರ ಮೇಲಿನ ಆ ಕೆಟ್ಟ ಬೈಗುಳದ ಹಾಗೆ ಕೇಳುತ್ತದೆ ಅಂತ ಅಮೆರಿಕದ ಹಕ್ಕಿಕಾಳಿನ ವ್ಯಾಪಾರಿಗಳ ಸಂಘ 1998ರಲ್ಲಿ ಅದರ ಸ್ಪೆಲಿಂಗನ್ನೇ ಬದಲಿಸಿತು. ಈಗ ಇಂಗ್ಲೆಂಡಿನ ಚೀಲಗಳ ಮೇಲೂ ಬಹಳ ಕಡೆ ಹೊಸ ಸ್ಪೆಲಿಂಗೇ ಇದೆ. ಅಕ್ಕನ ಮಗನಿಗೆ ಇದನ್ನು ಹೇಳಿದೆ. "ಗುರೆಳ್ಳಿಗೂ ಇಷ್ಟೆಲ್ಲಾ ಏನ್ ಮೌಶಿ?" ಅಂತ ನಕ್ಕ. ಆಮೇಲೆ ಸೂಟ್‌ಕೇಸಿನಿಂದ ಶೇಂಗಾ ಚಟ್ನಿಯ ಒಂದು ಡಬ್ಬಿ ತೆಗೆದು, ಗುರೆಳ್ಳು ಚಟ್ನಿಯದು ಇಟ್ಟ.